ಕತ್ತರಿಗೆ ಬಿಟ್ಟ ಅಂಚು

ಗುಲಾಬಿ ಜಾಸ್ತಿಯಾಯಿತು, ಬೆಟ್ಟದ ಹೊಟ್ಟೆಯ ಮೇಲೆ ಇಷ್ಟೊಂದು ಗುಲಾಬಿ ಬೇಡ, ಕಂಪ್ಯೂಟರಿನ ಪರದೆಯ ಮೇಲೆ ನಾಚಿಕೊಂಡ ಹಾಗೆ ಕಾಣುವುದು ಕಾಗದದ ಮೇಲೆ ಜ್ವರ ಬಂದ ಹಾಗೆ ಕಾಣುತ್ತದೆ, ಸ್ವಲ್ಪ ಇಳಿಸು, ಇನ್ನೂ ಸ್ವಲ್ಪ — ಹಾಂ, ಈಗ ಬೆಟ್ಟ ಬೆಟ್ಟದ ಹಾಗಿದೆ, ಎಂದು ತನ್ನಷ್ಟಕ್ಕೇ ಗೊಣಗಿಕೊಂಡು ಅವಳು ಗಾಲಿ ಕುರ್ಚಿಯಲ್ಲಿ ಒಂದು ಸುತ್ತು ಗಿರ್ರನೆ ತಿರುಗಿಯೇ ಬಿಟ್ಟಳು, ಯಾರೂ ನೋಡುತ್ತಿಲ್ಲ, ನೋಡಿದರೆ ನೋಡಲಿ, ಇವತ್ತು ಚಿಕ್ಕಮ್ಮನ ಪುಸ್ತಕ ಅಚ್ಚಿಗೆ ಹೋಗುತ್ತದೆ! ಚಿಕ್ಕಮ್ಮನ ಪುಸ್ತಕ, ಹಾಗೆಂದುಕೊಂಡರೇ ಎದೆಯೊಳಗೆ ಯಾರೋ ಕುಪ್ಪಳಿಸುತ್ತಾರೆ, ಜೀವಮಾನವೆಲ್ಲ ಊರವರ ಭುಜ ಸೊಂಟ ಅಳೆದು ಅಂಗಿ ಹೊಲಿದ ಚಿಕ್ಕಮ್ಮ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಹೊಲಿಗೆ ಮಷಿನ್ನಿನ ಮೇಲೆಯೇ ಹಲಗೆಯಿಟ್ಟು ಬಣ್ಣ ಕಲಸಿ ಬರೆದ ಚಿತ್ರಗಳು, ಬೆಟ್ಟಕ್ಕೆ ಚಳಿಯಾಗುತ್ತದೆಂದು ಅದಕ್ಕೊಂದು ಅಂಗಿ ಹೊಲಿಯಲು ಹೊರಡುವ ದರ್ಜಿಯ ಕಥೆ, ಮೊದಲ ಪುಟದಲ್ಲಿ ಅವಳ ಕೊರಳಿಂದ ಇಳಿದ ಅಳತೆಯ ಟೇಪು ಪುಟದಿಂದ ಪುಟಕ್ಕೆ ಓಡುತ್ತದೆ, ಹಂಚುಗಳ ಮೇಲೆ, ಬಸ್ಸಿನ ಕೆಳಗೆ, ಮರಕ್ಕೊಂದು ಸುತ್ತು ಹಾಕಿ, ಬೆಟ್ಟದ ಹೊಟ್ಟೆ ಬಳಸಿ, ಎಲ್ಲೂ ತುಂಡಾಗದೆ ಕೊನೆಯ ಪುಟದವರೆಗೆ. ಮಕ್ಕಳ ಪುಸ್ತಕ ಹಾಕುವ ಆ ಪ್ರಕಾಶಕಿ ಚಿತ್ರಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಿದ್ದರು, ಇದನ್ನ ಬೇರೆ ಯಾರಿಗೂ ತೋರಿಸ್ಬೇಡಿ, ನಾನೇ ಮಾಡ್ತೀನಿ, ಅಚ್ಚಿಗೆ ಸಿದ್ಧ ಮಾಡೋ ಕೆಲಸ ಮಾತ್ರ ನೀವೇ ಮಾಡ್ಬೇಕು ಅಂದಿದ್ದರು, ನಾನಲ್ಲದೆ ಇನ್ಯಾರು ಮಾಡಬೇಕಿತ್ತು, ನನ್ನ ಚಿಕ್ಕಮ್ಮನ ಬೆಟ್ಟವನ್ನು ಕಂಡವರ ಕೈಗೆ ಕೊಡುತ್ತೇನೆಯೇ.

ಫೋನು ಗುನುಗಿತು, ಮುದ್ರಣಾಲಯದ ಮಷಿನಣ್ಣ, ಮೇಡಂ ಊಟಕ್ಕೆ ಮುಂಚೆ ಫೈಲು ಬಂದ್ರೆ ಇವತ್ತೇ ಅಚ್ಚಿನ ಪ್ಲೇಟ್ ಮಾಡಿಸ್ತೀನಿ, ಬರ್ಲಿಲ್ಲ ಅಂದ್ರೆ ಬಿಸ್ಕತ್ತು ಡಬ್ಬಿ ಕೆಲಸ ಏರಿಸ್ತಾರೆ, ಆಮೇಲೆ ತಿಂಗಳಾನುಗಟ್ಟಲೆ ಮಷಿನ್ ಸಿಗಲ್ಲ, ಆಮೇಲೆ ನನ್ನ ಬೈಬೇಡಿ. ಬೈಯಲ್ಲ ಅಣ್ಣ, ಬಂದೇ ಬರುತ್ತೆ, ಒಂದೇ ಒಂದು ಪುಟ ಬಾಕಿ, ಎಂದಳು, ಎನ್ನುವಾಗಲೇ ಬೆರಳು ಮುಂದಿನ ಕೆಲಸಕ್ಕೆ ಓಡಿತ್ತು, ಪರದೆಯದು ಬೆಳಕಿನ ಬಣ್ಣ, ಕಾಗದದ್ದು ಶಾಯಿಯ ಬಣ್ಣ, ನೀಲಿ ಗುಲಾಬಿ ಹಳದಿ ಕಪ್ಪು, ಈ ನಾಲ್ಕರ ಸಂಸಾರದಲ್ಲೇ ಚಿಕ್ಕಮ್ಮನ ಅಷ್ಟೂ ಬಣ್ಣ ಹುಟ್ಟಬೇಕು, ಆಕಾಶದ ನೀಲಿ ಶಾಯಿಯ ಬಣ್ಣಕ್ಕೆ ಬದಲಾಯಿಸಿದಾಗ ಮಂಕಾಗಿ ಕೂತದ್ದನ್ನು ಕಂಡು ಮೊನ್ನೆ ಚಿಕ್ಕಮ್ಮ, ಏನೇ ಇದು, ನನ್ನ ನೀಲೀನ ಸೋಡ ಹಾಕಿ ಒಗೆದ್ಯಾ ಅಂದಳಲ್ಲ, ಅದಕ್ಕೇ ಎರಡು ದಿನ ಆ ಆಕಾಶದ ಜೊತೆ ಕುಸ್ತಿ, ಕಪ್ಪನ್ನು ಪೂರ್ತಿ ತೆಗೆದುಹಾಕಿ ಗುಲಾಬಿಯನ್ನು ಚೂರು ಉಳಿಸಿದಾಗ ಎದ್ದು ನಿಂತಿತು ನೋಡು, ಅಬ್ಬಾ, ಆವತ್ತು ಅವಳು ಮೆಟ್ಟಿಲಿಳಿದು ಹೋಗಿ ಎರಡು ಕಾಫಿ ಕುಡಿದು ಬಂದಿದ್ದಳು, ಒಂದು ತನಗೆ, ಒಂದು ಆಕಾಶದ ಲೆಕ್ಕಕ್ಕೆ. ಕಥೆಯ ಸಾಲುಗಳೆಲ್ಲ ಬರೀ ಕಪ್ಪು ಶಾಯಿಯಲ್ಲಿವೆಯೇ, ಇವೆ, ನಾಲ್ಕೂ ಶಾಯಿ ಸೇರಿಸಿದ ಕಪ್ಪಾಗಿದ್ದರೆ ಮಷಿನ್ನು ಒಂಚೂರು ಅಲುಗಿದರೂ ಪ್ರತಿ ಅಕ್ಷರಕ್ಕೂ ಬಣ್ಣದ ನೆರಳು ಅಂಟಿಕೊಳ್ಳುತ್ತದೆ, ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿದ್ದೂ ಆಯಿತು, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಕಾಲು ಜಾರಿ ಕೆಳಗಿನ ಸಾಲಿಗೆ ಬೀಳುತ್ತವೆ, ಎಲ್ಲ ಸರಿ, ಎಲ್ಲ ಸರಿ, ಆ ಕೊನೆಯ ಪುಟ ಒಂದು ಬಿಟ್ಟು.

ಆ ಕೊನೆಯ ಪುಟ, ಮತ್ತು ಮೂರು ಮಿಲ್ಲಿ. ಎಂಥ ತಮಾಷೆ, ಮುದ್ರಣಾಲಯದಲ್ಲಿ ಅವಳಿಗಿರುವ ಅಡ್ಡಹೆಸರೇ ಮೂರು ಮಿಲ್ಲಿ, ಮೂರು ಮಿಲ್ಲಿ ಬಂದ್ಲು ಸ್ಕೇಲ್ ಮುಚ್ಚಿಡ್ರೋ ಎಂದು ಅವರವರೇ ನಗುತ್ತಾರೆ, ಅವಳ ಕಿವಿಗೆ ಬೀಳಲಿ ಎಂದೇ ನಗುತ್ತಾರೆ, ಯಾಕೆಂದರೆ ಯಾರು ಏನೇ ಚಿತ್ರ ತಂದುಕೊಟ್ಟರೂ ಅವಳು ಮೊದಲು ಕೇಳುವುದು ಸುತ್ತ ಮೂರು ಮಿಲ್ಲಿಮೀಟರು ಹೆಚ್ಚು ಬಿಟ್ಟಿದ್ದೀರಾ ಎಂದು, ಅಚ್ಚಾದ ಹಾಳೆಗಳ ಅಟ್ಟಿಯ ಮೇಲೆ ಬ್ಲೇಡು ಇಳಿಯುವಾಗ ಕೂದಲೆಳೆಯಷ್ಟು ಆಚೆ ಈಚೆ ಆಗಿಯೇ ಆಗುತ್ತದೆ, ಮೇಲಿನ ಹಾಳೆ ಸರಿಯಿದ್ದರೆ ತಳದ್ದು ಸರಿದಿರುತ್ತದೆ, ಚಿತ್ರ ಕತ್ತರಿಸುವ ಗೆರೆಯವರೆಗೆ ಮಾತ್ರ ಇದ್ದರೆ ಅಂಚಿನಲ್ಲಿ ಕಾಗದದ ಬಿಳಿ ಇಣುಕುತ್ತದೆ, ಆದ್ದರಿಂದ ಗೆರೆಯಾಚೆಗೂ ಒಂದಿಷ್ಟು ಆಕಾಶ ಒಂದಿಷ್ಟು ಹುಲ್ಲು ಇರಬೇಕು, ಬ್ಲೇಡಿಗೆಂದೇ ಬಿಟ್ಟ ಆಕಾಶ, ಯಾರೂ ನೋಡದ ಹುಲ್ಲು. ಕಟಿಂಗಿನವರ ಜೊತೆ ಅವಳ ಜಗಳವಂತೂ ಇಡೀ ಮುದ್ರಣಾಲಯಕ್ಕೆ ಪುಕ್ಕಟೆ ಮನರಂಜನೆ, ಅಣ್ಣಾ ಇಲ್ಲಿ ಕೂದಲೆಳೆ ಜಾರಿದೆ, ಅಯ್ಯೋ ಮೇಡಂ, ಕೂದಲೆಳೆಗೆಲ್ಲ ಕೇಸ್ ಹಾಕ್ತೀರಾ, ನಾನೇನು ಬೇಕೂಂತ ಜಾರಿಸ್ತೀನಾ. ಇಂಥ ಮಹಾತಾಯಿ, ಜಗತ್ತಿಗೆಲ್ಲ ಪಾಠ ಹೇಳಿದವಳು, ಸ್ವಂತ ಚಿಕ್ಕಮ್ಮನಿಗೆ ಹೇಳಲು ಮರೆತಳು! ಚಿತ್ರದ ಅಳತೆ ಎಷ್ಟೇ ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗ ಪುಸ್ತಕದ ಅಳತೆ ಹೇಳಿ ಫೋನಿಟ್ಟಿದ್ದಳು, ಚಿಕ್ಕಮ್ಮ ದೊಡ್ಡ ಹಾಳೆಯಲ್ಲಿ ಧಾರಾಳವಾಗಿ ಬರೆದಿದ್ದವಳು ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಹಾಕಿ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಕರಕ್ ಕರಕ್ ಎಂದು ಪ್ರತಿಯೊಂದನ್ನೂ ಕರಾರುವಾಕ್ಕಾಗಿ ಕತ್ತರಿಸಿ ತಂದುಕೊಟ್ಟಿದ್ದಳು, ಒಂದು ನೂಲು ಹೆಚ್ಚಿಲ್ಲ ಒಂದು ನೂಲು ಕಡಿಮೆಯಿಲ್ಲ. ಚಿಕ್ಕಮ್ಮ, ಅಂಗಿ ಹೊಲಿಯೋವಾಗ ಹೊಲಿಗೆಗೆ ಅಂತ ಬಟ್ಟೆ ಬಿಡಲ್ವಾ ನೀನು, ಅದೇ ಥರ ಇದಕ್ಕೂ ಬಿಡ್ಬೇಕಿತ್ತು. ನೀನು ಹೇಳಿದ್ದು ಹೊಲಿದು ಮುಗಿದ ಅಳತೆ ಅಂತ ನಂಗೇನೇ ಕನಸು ಬಿದ್ದಿತ್ತಾ, ಇಷ್ಟು ಓದಿದೋಳು ಬಾಯಿ ಬಿಟ್ಟು ಹೇಳೋಕ್ಕಾಗಲ್ವಾ, ಎಂದು ಬೈದು, ಬೈಯುತ್ತಲೇ ನಗಲು ಶುರುಮಾಡಿ, ಕೊನೆಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಪರವಾಗಿಲ್ಲ, ಆಕಾಶ ಹುಲ್ಲು ಹಂಚು ಇಂಥವನ್ನು ಅಂಚಿನಿಂದ ನಕಲು ಮಾಡಿ ಆಚೆಗೆ ಎಳೆದರಾಯಿತು, ಆಕಾಶ ಬೇಡವೆನ್ನುವುದಿಲ್ಲ, ಹುಲ್ಲೂ ಬೇಡವೆನ್ನುವುದಿಲ್ಲ, ಹಾಗೆ ಎಳೆಯುತ್ತ ಎಳೆಯುತ್ತ ಅವಳು ಪುಸ್ತಕವನ್ನೆಲ್ಲ ದಾಟಿ ಬಂದಿದ್ದಳು.

ಹಾಗೆ ದಾಟಿ ಬರುವಾಗ ಪ್ರತಿ ಪುಟದಲ್ಲೂ ಹುಡುಕಿದ್ದಳು, ಹುಡುಕಲಿಲ್ಲ ಎಂದರೆ ಸುಳ್ಳು, ಚಿತ್ರಗಳು ಕೈಗೆ ಬಂದ ದಿನವೇ ಹುಡುಕಿದ್ದಳು, ಆಮೇಲೆ ಬಣ್ಣ ತಿದ್ದುವ ನೆಪದಲ್ಲಿ ದೊಡ್ಡದು ಮಾಡಿ ಮಾಡಿ ಹುಡುಕಿದ್ದಳು. ಎಲ್ಲರೂ ಇದ್ದಾರೆ, ಬಸ್ಸಿನ ಕಿಟಕಿಯಲ್ಲಿ ಚಿಕ್ಕಪ್ಪ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾರೆ, ಇಸ್ತ್ರಿ ಅಂಗಡಿಯವನು ಇದ್ದಾನೆ, ಬೆಕ್ಕು ಬೇಕಾದಷ್ಟು ಸಲ ಇದೆ, ಚಿಕ್ಕಮ್ಮನ ಮಗಳು ಗುಂಡಿಯಂತೂ, ದುಂಡು ಮುಖಕ್ಕೆಂದು ಆ ಹೆಸರು, ಪುಟ ಬಿಟ್ಟು ಪುಟಕ್ಕೆ ಹಾಜರು, ಮರದ ಮೇಲೆ ಗುಂಡಿ, ಸೂಜಿಗೆ ದಾರ ಪೋಣಿಸುವ ಗುಂಡಿ, ಕೊನೆಯ ಪುಟದಲ್ಲಿ ಬೆಟ್ಟದ ಅಂಗಿಗೆ ತುದಿಗಾಲಲ್ಲಿ ನಿಂತು ಗುಂಡಿ ಹಾಕುತ್ತಿರುವ ಗುಂಡಿ. ತಾನೊಬ್ಬಳೇ ಇಲ್ಲ. ಅಪ್ಪ ಅಮ್ಮ ಕೆಲಸದ ಬೆನ್ನು ಹತ್ತಿ ಊರೂರು ತಿರುಗುವಾಗ ಶಾಲೆಯ ವರ್ಷಗಳನ್ನೆಲ್ಲ ಅವಳು ಕಳೆದದ್ದು ಅದೇ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗುಂಡಿಯ ಹಾಸಿಗೆಯಲ್ಲಿ, ಗುಂಡಿಯ ತಟ್ಟೆಯ ಪಕ್ಕದ ತಟ್ಟೆಯಲ್ಲಿ, ಒಂದು ದಿನವೂ ಯಾರೂ ನೀನು ಬೇರೆ ಎನ್ನಲಿಲ್ಲ, ಹಾಗಾದರೆ ಚಿತ್ರದಲ್ಲಿ ಯಾಕಿಲ್ಲ, ಹೋಗಲಿ ಬಿಡು, ಮಕ್ಕಳ ಪುಸ್ತಕ, ಅದಕ್ಕೆಲ್ಲ ಮುಖ ಸಣ್ಣ ಮಾಡುತ್ತಾರೆಯೇ, ಬೆಕ್ಕಿಗಿರುವ ಜಾಗ ನನಗಿಲ್ಲವಲ್ಲ ಎಂದು ಚಿಕ್ಕಮ್ಮನನ್ನು ಕೇಳಲಾಗುತ್ತದೆಯೇ, ಕೇಳಿದರೆ ಆ ಪಾಪದ ಜೀವ ಕೂತಲ್ಲೇ ಕುಸಿಯುತ್ತದೆ, ಕೇಳುವುದಿಲ್ಲ, ಆದರೂ ನೋವಾಯಿತು, ಗುಂಡುಸೂಜಿಯೊಂದು ಅಂಗಿಯಲ್ಲೇ ಉಳಿದುಹೋದ ಹಾಗೆ, ಕೈ ಎತ್ತಿದಾಗೆಲ್ಲ ಚುಚ್ಚುತ್ತದೆ. ಕೊನೆಯ ಪುಟದ ಹೊರ ಅಂಚಿನಲ್ಲಿ ಒಂದು ಪುಟ್ಟ ಮುಷ್ಟಿಯಿದೆ, ಬೆಟ್ಟವನ್ನು ಬಳಸಿ ಬಂದ ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿದಿದೆ, ಮಣಿಕಟ್ಟಿನ ಹತ್ತಿರಕ್ಕೆ ಸರಿಯಾಗಿ ಚಿತ್ರವೇ ಮುಗಿದುಹೋಗಿದೆ, ಅದೂ ಗುಂಡಿಯದೇ ಇರಬೇಕು, ಒಂದೇ ಪುಟದಲ್ಲಿ ಎರಡೆರಡು ಸಲ ಬರುವ ಭಾಗ್ಯ ಅವಳಿಗಲ್ಲದೆ ಯಾರಿಗೆ.

ಆ ಮುಷ್ಟಿಯೇ ಈಗ ಅಡ್ಡ ನಿಂತಿರುವುದು. ಆಕಾಶವನ್ನು ಎಳೆದ ಹಾಗೆ ಮುಷ್ಟಿಯನ್ನು ಎಳೆಯಲಾಗುವುದಿಲ್ಲ, ಕನ್ನಡಿಯ ಹಾಗೆ ತಿರುಗಿಸಿ ಅಂಟಿಸಿದರೆ ಎರಡು ಮುಷ್ಟಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೋಪಿಸಿಕೊಂಡ ಹಾಗೆ ಕಾಣುತ್ತದೆ, ಅಂಚಿನ ಬಣ್ಣವನ್ನು ಹಿಗ್ಗಿಸಿದರೆ ಕೈ ಕರಗಿ ಸೋರಿದ ಹಾಗೆ, ತಾನೇ ಒಂದು ತೋಳು ಬರೆದು ನೋಡಿದಳು, ದಿಂಬಿನ ಹಾಗೆ ಬಂತು, ಛೆ, ಬಿಡಿಸಲು ಬಂದಿದ್ದರೆ ನಾನ್ಯಾಕೆ ಬೇರೆಯವರ ಚಿತ್ರಕ್ಕೆ ಅಂಚು ಕಟ್ಟುತ್ತ ಕೂರುತ್ತಿದ್ದೆ, ಹಾಗೇ ಬಿಟ್ಟರೆ? ಹಾಗೇ ಬಿಟ್ಟರೆ ಬ್ಲೇಡು ಈಚೆ ಜಾರಿದ ಪ್ರತಿಗಳಲ್ಲಿ ಬೆರಳಿಗೆ ಕತ್ತರಿ, ಆಚೆ ಜಾರಿದವುಗಳಲ್ಲಿ ಮಣಿಕಟ್ಟಿಗೊಂದು ಬಿಳಿ ಪಟ್ಟಿ, ಕೈ ಮುರಿದು ಕಟ್ಟು ಹಾಕಿಸಿಕೊಂಡ ಹಾಗೆ, ಇಷ್ಟುದ್ದ ಓಡಿಬಂದ ಟೇಪು ಕೊನೆಗೆ ಒಂದು ಮುರಿದ ಕೈಗೆ ಸೇರುವುದೇ, ಊಹೂಂ, ಸಾಧ್ಯವೇ ಇಲ್ಲ. ಫೋನೆತ್ತಿದಳು, ಚಿಕ್ಕಮ್ಮ, ಆವತ್ತು ಚಿತ್ರದ ಸುತ್ತ ಕತ್ತರಿಸಿದ ಪಟ್ಟಿಗಳನ್ನ ಏನು ಮಾಡ್ದೆ, ಬಿಸಾಡಿಬಿಟ್ಯಾ? ಆ ಕಡೆ ಹೊಲಿಗೆ ಮಷಿನ್ನು ನಿಂತಿತು, ಯಾರೋ ಮನೆತನವನ್ನೇ ಬೈದ ಹಾಗೆ ಚಿಕ್ಕಮ್ಮ ಕೇಳಿದಳು, ನಾನು ಚೂರು ಬಿಸಾಡೋಳೇನೇ? ಅಯ್ಯೋ ನನ್ನ ಚಿನ್ನದಂಥ ಚಿಕ್ಕಮ್ಮ! ಚೂರುಬಟ್ಟೆಯ ಆ ಗೋಣಿಚೀಲ, ಅಂಗಡಿಯ ಮೂಲೆಯಲ್ಲಿ ಮುದುಕನ ಹಾಗೆ ಒರಗಿ ಕೂತಿರುತ್ತಿತ್ತು, ಒಂದು ಅಂಗೈಯಗಲದ ತುಂಡೂ ಅದರೊಳಗೆ ಹೋಗದೆ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ, ಕಾಗದದ ಪಟ್ಟಿಗಳೂ ಅಲ್ಲೇ ಇವೆಯಂತೆ, ಅಂಗಡಿ ಗುಂಡಿಗೆ ಒಪ್ಸಿ ಈಗ್ಲೇ ಬಂದೆ, ಬಸ್ಸು ಸಿಕ್ರೆ ಬಸ್ಸು, ಇಲ್ದಿದ್ರೆ ನಡ್ಕೊಂಡೇ ಬರ್ತೀನಿ. ಬೇಡ ಚಿಕ್ಕಮ್ಮ, ಟ್ಯಾಕ್ಸಿ ಹತ್ತು, ನಾನು ಕೊಡ್ತೀನಿ. ನೀನು ದೊಡ್ಡ ಮನುಷ್ಯಳಾದೆ ಬಿಡು, ಎಂದು ಫೋನಿಟ್ಟೇಬಿಟ್ಟಳು.

ಕಾಯುವಾಗ ಕೂರಲಾಗಲಿಲ್ಲ, ಕಿಟಕಿಗೆ ಹೋದಳು, ಕೆಳಗೆ ಸೈಕಲ್ ರಿಪೇರಿಯವನು ಚಕ್ರವೊಂದನ್ನು ತಿರುಗಿಸಿ ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾನೆ, ಅವನದೂ ಕೂದಲೆಳೆಯ ವ್ಯಾಪಾರವೇ, ಮತ್ತೆ ಮೇಜಿಗೆ ಬಂದಳು, ಫೈಲನ್ನು ಇನ್ನೊಮ್ಮೆ ಪರೀಕ್ಷಿಸಿದಳು, ಮಸುಕಾದ ಚಿತ್ರ ಯಾವುದೂ ಇಲ್ಲ, ಮೂಲೆಗಳಲ್ಲಿ ಕತ್ತರಿ ಗುರುತುಗಳು ಸೂಜಿಯಷ್ಟು ಸಣ್ಣಗೆ ನಿಂತಿವೆ, ಮಷಿನಣ್ಣ ಮತ್ತೆ ಫೋನು ಮಾಡಿ, ಮೇಡಂ ಹೊಟ್ಟೆ ಚುರುಗುಡ್ತಿದೆ ಅಂದ, ಬಂತು ಅಣ್ಣ ಬಂತು, ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಆ ಚಪ್ಪಲಿಯ ಸದ್ದು, ಒಂದು ಮೆಟ್ಟಿಲಿಗೊಂದು ಉಸ್ಸಪ್ಪ, ಚಿಕ್ಕಮ್ಮ! ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿದೆ, ತೆಗೆದಿಡಲೂ ಪುರುಸೊತ್ತಿಲ್ಲದೆ ಓಡಿಬಂದಿದ್ದಾಳೆ, ಕೈಯಲ್ಲಿ ಸುರುಳಿ ಸುತ್ತಿ ದಾರ ಕಟ್ಟಿದ ಕಾಗದದ ಪಟ್ಟಿಗಳು, ನೀರು ಕೊಡೇ ಮೊದ್ಲು, ಬೇಡ ಬೇಡ, ನೀನು ಕೆಲಸ ನೋಡು, ನಾನೇ ಕುಡೀತೀನಿ. ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದರು, ಹುಲ್ಲಿನ ಪಟ್ಟಿ, ಹಂಚಿನ ಪಟ್ಟಿ, ಬೆಕ್ಕಿನ ಬಾಲದ ತುದಿ, ಓ ಇದನ್ನೂ ಕತ್ತರಿಸಿದ್ಯಾ ಚಿಕ್ಕಮ್ಮ, ಅದಕ್ಕೇನೇ ಮಾಡ್ಲಿ, ಅಳತೆ ಅಂದ್ರೆ ಅಳತೆ, ಇದೋ ಬೆಟ್ಟದ ಪುಟದ್ದು, ಬೆರಳಗಲದ ಪಟ್ಟಿ, ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿ ಹಾಕಿ ಮುಚ್ಚಿದಳು, ಬೆಳಕು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹರಿಯಿತು, ಬೇಗ ಹರಿಯಬಾರದೇ, ಪರದೆಯ ಮೇಲೆ ಪಟ್ಟಿ ಮೂಡಿತು, ಅದನ್ನು ಚಿತ್ರದ ಪಕ್ಕಕ್ಕೆ ಎಳೆದು ತಂದು, ಒಂಚೂರು ಮೇಲೆ, ಒಂಚೂರು ಎಡಕ್ಕೆ, ಮಣಿಕಟ್ಟಿಗೆ ಮಣಿಕಟ್ಟು ಕೂಡಿಸಿದಳು, ಕೂಡಿತು! ಕತ್ತರಿ ಹಾಕಿಯೇ ಇರಲಿಲ್ಲವೇನೋ ಎಂಬಷ್ಟು ನಾಜೂಕಾಗಿ ಕೂಡಿತು, ಚಪ್ಪಾಳೆ ತಟ್ಟಲು ಎತ್ತಿದ ಕೈ ಎತ್ತಿದ ಹಾಗೇ ನಿಂತುಹೋಯಿತು.

ಮಣಿಕಟ್ಟಿನಾಚೆ ತೋಳಿತ್ತು, ತೋಳಿಗೆ ಬಿಳಿಯ ಮೇಲೆ ಕೆಂಪು ಚುಕ್ಕಿ, ಚುಕ್ಕಿ ಮುಗಿದಲ್ಲಿ ಹಸಿರು ಗೀರು, ಹಸಿರು ಮುಗಿದಲ್ಲಿ ಪಟ್ಟಿಯೂ ಮುಗಿದಿತ್ತು — ಆ ಅಂಗಿ, ಅಯ್ಯೋ, ಆ ಅಂಗಿ! ಚೂರುಬಟ್ಟೆಯ ಚೀಲದೊಳಗೆ ಸೊಂಟದವರೆಗೆ ಇಳಿದು ಹಟ ಹಿಡಿದು ತಾನೇ ಒಂದೊಂದಾಗಿ ಆರಿಸಿದ ತುಂಡುಗಳು, ಇದು ಬೇಕು, ಇದೂ ಬೇಕು, ಕೆಂಪು ಚುಕ್ಕಿ ಎದುರುಮನೆಯ ಕಿಟಕಿಯ ಪರದೆಯದು, ಹಸಿರು ಗೀರು ಯಾರದೋ ಪೈಜಾಮದ್ದು, ಹೊಸ ಬಟ್ಟೆ ತೆಗೆದು ಹೊಲೀತೀನಿ ಕಣೇ ಅಂತ ಚಿಕ್ಕಮ್ಮ ಎಷ್ಟು ಹೇಳಿದರೂ ಬೇಡ, ಇದೇ ಬೇಕು, ತೋಳಿಗೆ ಚುಕ್ಕಿಯೇ ಬರಬೇಕು, ಅದನ್ನು ತೊಟ್ಟು ತೊಟ್ಟು ಬಿಗಿಯಾಗಿ ಕಂಕುಳಲ್ಲಿ ಹರಿಯುವವರೆಗೆ ಬಿಟ್ಟಿರಲಿಲ್ಲ, ಗುಂಡಿ ತನಗೂ ಅಂಥದ್ದೇ ಬೇಕೆಂದು ನೆಲಕ್ಕೆ ಬಿದ್ದು ಹೊರಳಿದ್ದಳು, ಚುಕ್ಕಿಯ ಬಟ್ಟೆ ಮುಗಿದುಹೋಗಿತ್ತು, ಜಗತ್ತಿನಲ್ಲಿ ಅಂಥ ತೋಳು ಒಂದೇ. ಚಿಕ್ಕಮ್ಮ ಇದು, ಎಂದು ಆ ಚುಕ್ಕಿಯ ತೋಳಿನ ಮೇಲೆ ಬೆರಳಿಟ್ಟಳು. ನೀನೇ ಕಣೇ, ಇನ್ಯಾರು ಅಂದ್ಕೊಂಡಿದ್ದೆ, ದೊಡ್ಡ ದೊಡ್ಡ ಕಿಟಕಿ ಪರದೆ ಅಳೆಯೋವಾಗ ಆ ಕಡೆ ತುದಿ ಹಿಡ್ಕೊಳ್ತಿದ್ದೋಳು ನೀನು ತಾನೆ, ಗುಂಡಿ ಕೈಗೆ ಕೊಟ್ರೆ ಅರ್ಧಕ್ಕೆ ಬಿಟ್ಟು ಓಡ್ತಿದ್ಲು, ನೀನು ಕೈ ಕೆಂಪಾದ್ರೂ ಬಿಡ್ತಿರ್ಲಿಲ್ಲ, ಬೆಟ್ಟ ಅಳೀಬೇಕು ಅಂದ್ರೆ ಇನ್ಯಾರನ್ನ ಕರೀಲಿ. ಮತ್ತೆ ಕತ್ತರಿಸಿ ಬಿಸಾ— ಕತ್ತರಿಸಿಬಿಟ್ಯಲ್ಲ ಚಿಕ್ಕಮ್ಮ. ನಾನೇನ್ ಮಾಡ್ಲೇ, ಅಳತೆ ಹೇಳಿದ್ದು ನೀನೇ, ನಿನ್ನ ಅಳತೆಗೆ ನೀನೇ ಹಿಡಿಸ್ಲಿಲ್ಲ, ಎಂದು ಚಿಕ್ಕಮ್ಮ ನಕ್ಕಳು, ಅವಳೂ ನಕ್ಕಳು, ನಗುತ್ತಲೇ ಪರದೆ ಮಂಜಾಯಿತು, ಪರದೆಯಲ್ಲ, ಕಣ್ಣು.

ಇದ್ದೇನೆ, ಪುಸ್ತಕದಲ್ಲಿ ನಾನಿದ್ದೇನೆ, ಆದರೆ ಎಲ್ಲಿ, ಕತ್ತರಿಸುವ ಗೆರೆಯಾಚೆ, ನಾನೇ ಊರವರನ್ನೆಲ್ಲ ಕಾಡಿ ಬೇಡಿ ಬಿಡಿಸುವ ಆ ಮೂರು ಮಿಲ್ಲಿಯಲ್ಲಿ, ಬ್ಲೇಡಿಗೆಂದೇ ಬಿಟ್ಟ ಜಾಗದಲ್ಲಿ! ಒಳಗೆ ಸರಿಸಿದರೆ? ಇಡೀ ಚಿತ್ರವನ್ನು ಪುಸ್ತಕದ ಬೆನ್ನಿನ ಕಡೆಗೆ ಮೂರು ಮಿಲ್ಲಿ ತಳ್ಳಿದಳು, ತೋಳು ಗೆರೆಯೊಳಗೆ ಬಂತು, ಕೆಂಪು ಚುಕ್ಕಿಗಳು ಬಂದವು, ಬಂದವು ನೋಡು, ಆದರೆ ಆ ತುದಿಯಲ್ಲಿ ತುದಿಗಾಲಲ್ಲಿ ನಿಂತಿದ್ದ ಗುಂಡಿಯ ಮೂಗು ಬೆನ್ನಿನ ಹೊಲಿಗೆಯೊಳಗೆ ಹೊಕ್ಕಿತು, ಮೂಗಿಲ್ಲದ ಗುಂಡಿ, ಹೊಟ್ಟೆಕಿಚ್ಚಿಗೆ ಹೇಳಿ ಮಾಡಿಸಿದ ಶಿಕ್ಷೆ, ಒಂದು ಗಳಿಗೆ ಅದನ್ನು ನೋಡಿ ಖುಷಿಯೂ ಪಟ್ಟಳು, ಚಿತ್ರವನ್ನೇ ಚೂರು ಕುಗ್ಗಿಸಿದರೆ ಹಿಂದಿನ ಪುಟದಿಂದ ಬರುವ ಟೇಪಿಗೂ ಈ ಟೇಪಿಗೂ ತಾಳೆಯಾಗುವುದಿಲ್ಲ, ಎಲ್ಲೂ ತುಂಡಾಗದ ಟೇಪು ಇಲ್ಲಿ ತುಂಡಾಗುತ್ತದೆ. ಬಿಡೇ, ಮೊದ್ಲು ಇದ್ದ ಹಾಗೇ ಇರ್ಲಿ, ಎಂದಳು ಹಿಂದಿನಿಂದ ಚಿಕ್ಕಮ್ಮ, ನೀರಿನ ಲೋಟ ಕೈಯಲ್ಲೇ ಇತ್ತು, ತುದಿ ಹಿಡಿಯೋಕೆ ನೀನು ಬಟ್ಟೆಯಿಂದ ಆಚೆ ನಿಂತ್ಕೊಳ್ತಿದ್ದೆ, ಬಟ್ಟೆ ಮೇಲೆ ನಿಂತ್ರೆ ನಾನು ಅಳೆಯೋದು ಹೇಗೆ, ಹೇಳು. ಫೋನು ಗುನುಗುತ್ತಿದೆ, ಮಷಿನಣ್ಣನದೇ, ಚಿತ್ರ ಮತ್ತೆ ತನ್ನ ಜಾಗಕ್ಕೆ ಹೋಯಿತು, ಗುಂಡಿಗೆ ಮೂಗು ಬಂತು, ಟೇಪಿಗೆ ಟೇಪು ಕೂಡಿತು, ಕಳುಹಿಸು ಎಂಬುದರ ಮೇಲೆ ಬೆರಳಿಟ್ಟಳು, ಒತ್ತಿದಳು, ಹೋಯಿತು, ಹೊರಟೇಹೋಯಿತು ಚಿಕ್ಕಮ್ಮ ನಿನ್ನ ಬೆಟ್ಟ! ಫೋನೆತ್ತಿದಳು, ಬಂತು ಮೇಡಂ, ಎಲ್ಲ ಸರಿಯಾಗಿದೆ, ಕಟಿಂಗಿನವರಿಗೂ ಹೇಳಿದ್ದೀನಿ, ಮೂರು ಮಿಲ್ಲಿ ಮೇಡಂದು ಕೆಲಸ, ಕೂದಲೆಳೆ ಜಾರಿದ್ರೂ ಸ್ಕೇಲ್ ಹಿಡ್ಕೊಂಡು ಬರ್ತಾರೆ ಅಂತ, ಮಷಿನಣ್ಣ ನಗುತ್ತಿದ್ದಾನೆ, ಚಿಕ್ಕಮ್ಮ ಹೆಗಲ ಮೇಲೆ ಕೈಯಿಟ್ಟಿದ್ದಾಳೆ, ಅವಳು ಉತ್ತರಿಸಬೇಕು, ಥ್ಯಾಂಕ್ಸ್ ಅಣ್ಣ ಅನ್ನಬೇಕು, ಬಾಯಿಗೆ ಬರುತ್ತಿರುವುದೇ ಬೇರೆ, ಹೇಳಬೇಡಿ ಅಣ್ಣ, ಅವರಿಗೆ ಏನೂ ಹೇಳಬೇಡಿ, ಜಾರಲಿ, ಒಂದು ಪ್ರತಿಯಲ್ಲಾದರೂ, ಅಟ್ಟಿಯ ತಳದ ಹಾಳೆಯಲ್ಲಾದರೂ, ಆ ಬ್ಲೇಡು ಒಂದು ಕೂದಲೆಳೆ ಆಚೆಗೆ ಜಾರಲಿ, ಎಲ್ಲೋ ಯಾರದೋ ಮನೆಯಲ್ಲಿ ಯಾವುದೋ ಮಗು ಕೊನೆಯ ಪುಟ ತೆರೆದಾಗ ಅಂಚಿನಲ್ಲಿ ಒಂದೇ ಒಂದು ಕೆಂಪು ಚುಕ್ಕಿ, ಅರ್ಧ ಚುಕ್ಕಿ, ಅಣ್ಣಾ ಇವತ್ತೊಂದು ಸಲ ಕೈ ತಪ್ಪಲಿ — ಗೆರೆಯ ಈಚೆ ಆ ಮುಷ್ಟಿ, ಗೆರೆಯ ಆಚೆ ಚುಕ್ಕಿಯ ತೋಳು, ಮುಷ್ಟಿಯೊಳಗೆ ಟೇಪಿನ ತುದಿ, ಕೈ ಕೆಂಪಾದರೂ ಬಿಡದ ಆ ಮುಷ್ಟಿ, ಆ ಮುಷ್ಟಿ